ಕಿಹಾನ್ಸಿ ತುಂತುರು ಕಪ್ಪೆ: ಸಿಂಪರಣೆ ಹಾಕಿದ ಮೇಲೂ ಯಾಕೆ ಉಳಿಯಲಿಲ್ಲ?

ಹೊಳೆದಂಡೆ

ತಾಂಜಾನಿಯಾದ ಉಡ್ಜುಂಗ್ವಾ ಬೆಟ್ಟಗಳ ಕಿಹಾನ್ಸಿ ಕಣಿವೆಯ ತುಂತುರು ಕಪ್ಪೆಯ (ನೆಕ್ಟೊಫ್ರಿನಾಯ್ಡಿಸ್ ಆಸ್ಪರ್‌ಜಿನಿಸ್) ಬಗ್ಗೆ ಎಲ್ಲಿ ಹುಡುಕಿದರೂ ಸಿಗುವುದು ಒಂದೇ ಸಾಲು: ಅಣೆಕಟ್ಟು ಕಟ್ಟಿದರು, ಕಪ್ಪೆ ಅಳಿಯಿತು. ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ನದಿ ತಿರುಗಿಸಿದ್ದು 2000ದ ಹೊತ್ತಿಗೆ. ಕಪ್ಪೆಗಳ ಸಂಖ್ಯೆ ಕುಸಿಯಿತು, ಕೃತಕ ಸಿಂಪರಣೆ ಬಂತು, ಸಂಖ್ಯೆ ಮತ್ತೆ ಏರಿತು. 2003ರ ಜೂನ್‌ನಲ್ಲಿ ಅಂದಾಜು 20,000 ಕಪ್ಪೆಗಳಿದ್ದವು. 2004ರ ಜನವರಿಯಲ್ಲಿ ಕಣ್ಣಿಗೆ ಬಿದ್ದದ್ದು ಮೂರು, ಕೂಗು ಕೇಳಿದ್ದು ಎರಡು ಗಂಡುಗಳದ್ದು. ಅಣೆಕಟ್ಟೇ ಕಾರಣವಾಗಿದ್ದರೆ ನಡುವೆ ಚೇತರಿಸಿಕೊಂಡದ್ದು ಹೇಗೆ? ಬೇರೆ ಕಾರಣವಾದರೆ ಏಳು ತಿಂಗಳಲ್ಲಿ ಒಂದು ಜಾತಿಯೇ ಮುಗಿಯುವಷ್ಟು ಏನಾಯಿತು? ತಿಳಿದವರು ಬಿಡಿಸಿ ಹೇಳಿ.

ಮಲೆಗಪ್ಪೆ

ಮೊದಲು ಪ್ರಾಣಿಯ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಇದು ನೆಲಗಪ್ಪೆಗಳ ಕುಟುಂಬಕ್ಕೆ, ಅಂದರೆ ಬ್ಯುಫೊನಿಡೆಗೆ ಸೇರಿದ್ದು. ಆದರೆ ನಮ್ಮ ಹಿತ್ತಲಿನ ಗಂಟುಮೈಯ ನೆಲಗಪ್ಪೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದರೆ ಸಿಗುವುದಿಲ್ಲ. ಹೆಣ್ಣು ಹೆಚ್ಚೆಂದರೆ 2.9 ಸೆಂ.ಮೀ., ಗಂಡು 1.9 ಸೆಂ.ಮೀ. ಸಾಸಿವೆ ಹಳದಿ ಬಣ್ಣ. ಕಿವಿಯ ತಮಟೆ ಹೊರಗೆ ಕಾಣುವುದಿಲ್ಲ. ಗಂಡಿನ ತೊಡೆಸಂದಿಯಲ್ಲಿ ಕಪ್ಪು ಮಚ್ಚೆ ಇರುತ್ತದೆ, ದೊಡ್ಡವುಗಳಲ್ಲಿ ಗಂಡು ಹೆಣ್ಣು ಗುರುತಿಸಲು ಅದೇ ಸುಲಭದ ದಾರಿ. ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ, ಬಸುರಿ ಹೆಣ್ಣನ್ನು ಗಾಜಿನ ಮೇಲಿಟ್ಟು ಕೆಳಗಿನಿಂದ ನೋಡಿದರೆ ಮರಿಗಳು ಕಾಣುತ್ತವೆ.

ಹೌದು, ಮರಿಗಳು. ಇದು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಗೊದಮೊಟ್ಟೆಯ ಹಂತ ಹೊರಗೆ ನಡೆಯುವುದೇ ಇಲ್ಲ. ಫಲೀಕರಣ ಒಡಲೊಳಗೆ. ಭ್ರೂಣ ಮೊಟ್ಟೆಯ ಹಳದಿಯನ್ನೇ ಉಂಡು ಬೆಳೆದು ಪೂರ್ಣ ಕಪ್ಪೆಮರಿಯಾಗಿ ಹೊರಬರುತ್ತದೆ. ಹುಟ್ಟಿದಾಗ ಸುಮಾರು 5 ಮಿ.ಮೀ. ಒಂದು ಸೂಲಿಗೆ ಸಾಮಾನ್ಯವಾಗಿ ಹತ್ತರ ಆಸುಪಾಸು. ಸಾವಿರಗಟ್ಟಲೆ ಮೊಟ್ಟೆ ಇಟ್ಟು ಒಂದು ಕೆಟ್ಟ ವರ್ಷವನ್ನು ಮರುವರ್ಷ ತುಂಬಿಕೊಳ್ಳುವ ಸಾಮಾನ್ಯ ನೆಲಗಪ್ಪೆಯ ಅನುಕೂಲ ಇದಕ್ಕಿಲ್ಲ.

ಇನ್ನು ನೆಲೆ. ಇಡೀ ಜಗತ್ತಿನಲ್ಲಿ ಇದರ ಪಾಲಿಗೆ ಇದ್ದದ್ದು ಸುಮಾರು 2 ಹೆಕ್ಟೇರ್, ಅಂದರೆ ಐದು ಎಕರೆ. ಸಮುದ್ರಮಟ್ಟದಿಂದ 600ರಿಂದ 940 ಮೀಟರ್ ಎತ್ತರದಲ್ಲಿ, ಜಲಪಾತದ ಎರಚಲು ಬೀಳುವ ಜಾಗ ಅಷ್ಟೇ. ಎರಚಲು ನಿಲ್ಲುವ ಕಡೆ ಕಾಡು ಶುರು, ಕಪ್ಪೆ ಬಂದ್.

ಪೆಲ್ಟನ್ ಚಕ್ರ

ನೀರಿನ ಲೆಕ್ಕ ನಾನು ಕೊಡುತ್ತೇನೆ. ಕೆಳ ಕಿಹಾನ್ಸಿ ಯೋಜನೆ 180 ಮೆಗಾವ್ಯಾಟ್, 60ರ ಮೂರು ಪೆಲ್ಟನ್ (ಎತ್ತರದಿಂದ ಬೀಳುವ ನೀರಿಗೆ ಹೊಂದುವ ಟರ್ಬೈನ್) ಘಟಕ. ಅಣೆಕಟ್ಟು ದೊಡ್ಡದೇನಲ್ಲ, ಎತ್ತರ ಸುಮಾರು 25 ಮೀಟರ್. ನಿಜವಾದ ಬಂಡವಾಳ ಇರುವುದು ಬೀಳುವ ಎತ್ತರದಲ್ಲಿ: ಸುಮಾರು 850 ಮೀಟರ್. ಇಷ್ಟು ಎತ್ತರದಿಂದ ಸೆಕೆಂಡಿಗೆ ಒಂದು ಘನ ಮೀಟರ್ ನೀರು ಇಳಿದರೆ, ಯಂತ್ರದ ನಷ್ಟ ಕಳೆದು ಸುಮಾರು 7 ಮೆಗಾವ್ಯಾಟ್ ಕೈಗೆ ಬರುತ್ತದೆ. ನದಿಯ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 16 ಘನ ಮೀಟರ್. ತಿರುಗಿಸಿದ ಮೇಲೆ ಕಣಿವೆಗೆ ಬಿಟ್ಟದ್ದು 2ಕ್ಕಿಂತ ಕಡಿಮೆ. ವಿದ್ಯುತ್ತಿನ ಕೊರತೆಯಿದ್ದ ದೇಶದಲ್ಲಿ ಕಪ್ಪೆಗಾಗಿ ಬಿಡುವ ಒಂದೊಂದು ಘನ ಮೀಟರಿನ ಹಿಂದೆಯೂ ಈ 7 ಮೆಗಾವ್ಯಾಟಿನ ಜಗಳ ಇತ್ತು. ಇದನ್ನು ಬಿಟ್ಟು ಮಾತಾಡಿದರೆ ಚರ್ಚೆ ಅರೆಬರೆ.

ವಿಪರ್ಯಾಸ ಏನೆಂದರೆ, ಕಪ್ಪೆ ಪತ್ತೆಯಾದದ್ದೇ 1996ರಲ್ಲಿ, ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಕಿಮ್ ಹೋವೆಲ್ ಅವರಿಗೆ. ಆ ಹೊತ್ತಿಗೆ ವಿಶ್ವಬ್ಯಾಂಕ್ ಸಾಲದಲ್ಲಿ ಕೆಲಸ ಆಗಲೇ ನಡೆಯುತ್ತಿತ್ತು. ಪರಿಸರ ಸಮೀಕ್ಷೆ ಮುಗಿದ ಮೇಲೆ ಯೋಜನೆ ಶುರುವಾಗುವ ಬದಲು ಎರಡೂ ಒಟ್ಟೊಟ್ಟಿಗೆ ಓಡಿದವು.

ಹೊಳೆದಂಡೆ

ಸರಿ. ಆದರೆ ಸಿಂಪರಣೆ ಕೆಲಸ ಮಾಡಿತ್ತಲ್ಲವೇ? ಸಂಖ್ಯೆ ಏರಿದ್ದು ಅದರಿಂದಲೇ ತಾನೆ?

ಪೆಲ್ಟನ್ ಚಕ್ರ

ಮಾಡಿತು, ಒಂದು ಮಟ್ಟಿಗೆ. ಮೇಲಿನಿಂದ ಗುರುತ್ವದಲ್ಲೇ ಪೈಪಿನಲ್ಲಿ ನೀರು ತಂದು, ಪಂಪ್ ಇಲ್ಲದೆ, ಸಣ್ಣ ನಾಜಲ್‌ಗಳಿಂದ ಜೌಗಿನ ಮೇಲೆ ಮಂಜಿನಂತೆ ಬಿಡುವ ವ್ಯವಸ್ಥೆ. ವಿದ್ಯುತ್ ಬೇಡ ಎನ್ನುವುದು ದೊಡ್ಡ ಅನುಕೂಲ. ಆದರೆ ಇಂಥ ವ್ಯವಸ್ಥೆ ಕೈಕೊಡುವ ಜಾಗಗಳು ಯಾವ ತೋಟದಲ್ಲಾದರೂ ಒಂದೇ. ಹೂಳು ನಾಜಲ್ ಕಟ್ಟುತ್ತದೆ. ಶೋಧಕದ ಜಾಲರಿ ತೊಳೆಯದಿದ್ದರೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಮಂಜು ಹೋಗಿ ದಪ್ಪ ಹನಿ ಬೀಳುತ್ತದೆ, ಹನಿ ನಾಜಲ್‌ನ ಬುಡದಲ್ಲೇ ಬಿದ್ದು ಅಂಚುಗಳು ಒಣಗುತ್ತವೆ. ಸಾಲಿನ ಕೊನೆಯ ನಾಜಲ್ ಮೊದಲು ಸೋಲುತ್ತದೆ. ಇಳಿಜಾರಾದ್ದರಿಂದ ಮೇಲಿನದ್ದಕ್ಕೆ ಒತ್ತಡ ಕಡಿಮೆ, ಕೆಳಗಿನದ್ದಕ್ಕೆ ಹೆಚ್ಚು. ಹತ್ತು ಮೀಟರ್ ಇಳಿದರೆ ಸುಮಾರು 1 ಬಾರ್ ಏರುತ್ತದೆ. ಒತ್ತಡ ಸರಿದೂಗಿಸುವ ಕವಾಟ ಹಾಕದೆ ಇಡೀ ಇಳಿಜಾರಿಗೆ ಒಂದೇ ಅಳತೆಯ ನಾಜಲ್ ಹಾಕಿದರೆ ಒಂದೇ ಥರದ ಮಂಜು ಬರುವುದಿಲ್ಲ.

ಅದಕ್ಕಿಂತ ಮುಖ್ಯ: ಜಲಪಾತ ಕೊಡುತ್ತಿದ್ದದ್ದು ಬರೀ ತೇವ ಅಲ್ಲ. ಬೀಳುವ ನೀರು ಗಾಳಿಯನ್ನೂ ದೂಡುತ್ತದೆ. ಕಣಿವೆಯಲ್ಲಿ ಹಗಲಿರುಳು ತಣ್ಣನೆಯ ಗಾಳಿ ಬೀಸುತ್ತಿತ್ತು, ಉಷ್ಣತೆ ಹೆಚ್ಚು ಏರಿಳಿಯುತ್ತಿರಲಿಲ್ಲ. ಎರಚಲಿನ ಜೊತೆ ಸಣ್ಣ ಹೂಳೂ ಬಂದು ಜೌಗಿನ ಮೇಲೆ ಕೂರುತ್ತಿತ್ತು. ನಾಜಲ್ ಕಟ್ಟಬಾರದೆಂದು ನೀವು ಶೋಧಿಸಿ ತೆಗೆಯುವುದು ಇದನ್ನೇ.

ಪಾಚಿಪ್ರಿಯ

ಸಸ್ಯದ ಕಡೆಯಿಂದ ಸೇರಿಸುತ್ತೇನೆ. ಎರಚಲ ಜಾಗದಲ್ಲಿ ದಟ್ಟ ಹಾಸಾಗಿ ಬೆಳೆದಿದ್ದದ್ದು ಸೆಲಾಜಿನೆಲ್ಲ ಕ್ರಾಸಿಯಾನ. ಪಾಚಿಯಂತೆ ಕಾಣುವ, ಜರಿಗಿಡಗಳ ದೂರದ ನೆಂಟ. ಇದರ ಹಾಸಿನೊಳಗೇ ಕಪ್ಪೆಯ ಬದುಕು: ಬಿಸಿಲಾದರೆ ಒಳಗೆ ನುಸುಳುವುದು, ನುಸಿ, ಸ್ಪ್ರಿಂಗ್‌ಟೇಲ್ (ಒದ್ದೆ ಮಣ್ಣಿನಲ್ಲಿ ಜಿಗಿಯುವ ಪುಟ್ಟ ಜೀವಿ), ಸಣ್ಣ ನೊಣಗಳನ್ನು ಅಲ್ಲೇ ತಿನ್ನುವುದು. ಸದಾ ನೀರಿನ ಹೊಡೆತ ಬೀಳುವ ಕಡೆ ಎತ್ತರದ ಗಿಡಗಳು ತಳವೂರುವುದಿಲ್ಲ. ಹೊಡೆತ ನಿಂತದ್ದೇ ತಡ, ಒಣನೆಲದ ಕಳೆಗಳು ನುಗ್ಗಿ ಹಾಸನ್ನು ಮುಚ್ಚಿದವು. ಬೆನ್ನಿಗೇ ಸಫಾರಿ ಇರುವೆಗಳು. ಡೊರಿಲಸ್ ಇರುವೆಗಳ ದಂಡು ಒದ್ದೆ ಜೌಗನ್ನು ದಾಟುವುದಿಲ್ಲ, ಒಣಗಿದ ನೆಲದ ಮೇಲೆ ದಂಡಯಾತ್ರೆಯೇ ಸರಿ. ಎರಡು ಸೆಂ.ಮೀ. ಕಪ್ಪೆಗೆ ಅದರೆದುರು ಓಡಲೂ ಜಾಗವಿಲ್ಲ.

ಹಾಗಾಗಿ ಸಿಂಪರಣೆ ಅಂದರೆ ನಾಜಲ್ ತಿರುಗಿಸಿದರೆ ಮುಗಿಯಿತು ಎಂದಲ್ಲ, ಕಳೆ ಕೀಳುವುದೂ ಅದರ ಭಾಗ. ಕೀಳುವಾಗ ಬೇರುಸಮೇತ ಎಳೆದರೆ ಹಾಸು ಹರಿದು ಬರುತ್ತದೆ, ಬುಡಕ್ಕೆ ಕತ್ತರಿಸಬೇಕು. ಅಡ್ಡಾಡಲು ಹಲಗೆ ದಾರಿ ಇಲ್ಲದಿದ್ದರೆ ಕಪ್ಪೆ ಉಳಿಸಲು ಹೋದವರ ಕಾಲಡಿಯೇ ಕಪ್ಪೆ.

ಇದೇ ಕಣಿವೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಕಾಫಿ ಜಾತಿಯೂ ಇದೆ, ಕಾಫಿಯ ಕಿಹಾನ್ಸಿಯೆನ್ಸಿಸ್. ಕೊಡಗು, ಚಿಕ್ಕಮಗಳೂರಿನವರು ಗಮನಿಸಿ. ಕಪ್ಪೆಯ ಗಲಾಟೆಯಲ್ಲಿ ಅದರ ಹೆಸರು ಹೇಳುವವರಿಲ್ಲ.

ಉಭಯಚರಿ

ಈಗ 2003ಕ್ಕೆ ಬರೋಣ. ಆ ವರ್ಷ ಸತ್ತ ಕಪ್ಪೆಗಳಲ್ಲಿ ಕೈಟ್ರಿಡ್ ಶಿಲೀಂಧ್ರ ಸಿಕ್ಕಿತು, ಬ್ಯಾಟ್ರಕೊಕೈಟ್ರಿಯಮ್ ಡೆಂಡ್ರೊಬ್ಯಾಟಿಡಿಸ್. ಇದು ಕಪ್ಪೆಯ ಚರ್ಮದ ಕೆರಾಟಿನ್ ಇರುವ ಪದರದಲ್ಲಿ ಬೆಳೆಯುತ್ತದೆ. ಕಪ್ಪೆ ನೀರು ಮತ್ತು ಲವಣ ಹೀರುವುದು ಚರ್ಮದಿಂದ. ಆ ಕೆಲಸ ಕೆಟ್ಟರೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಹೃದಯ ನಿಲ್ಲುತ್ತದೆ. ಶಿಲೀಂಧ್ರಕ್ಕೆ ಹಿತವಾದದ್ದು 17ರಿಂದ 25 ಡಿಗ್ರಿ ಮತ್ತು ನೀರು, ಅದರ ಬೀಜಕಣ ಈಜಿಯೇ ಹರಡುವುದು. ವರ್ಷವಿಡೀ ತಂಪು, ವರ್ಷವಿಡೀ ಒದ್ದೆ, ಐದು ಎಕರೆಯಲ್ಲಿ ಇಪ್ಪತ್ತು ಸಾವಿರ ಕಪ್ಪೆ. ಅಂದರೆ ಸರಾಸರಿ ಒಂದು ಚದರ ಮೀಟರಿಗೆ ಒಂದು. ಒಮ್ಮೆ ಒಳಗೆ ಬಂದರೆ ತಡೆಯಲು ಏನೂ ಇರಲಿಲ್ಲ.

ನನ್ನ ಮಟ್ಟಿಗೆ ಕೊಂದದ್ದು ಶಿಲೀಂಧ್ರ. ಅಣೆಕಟ್ಟಿನ ಮೇಲೆ ಹೊರಿಸುವುದು ಸುಲಭ, ಆದರೆ ಸರಿಯಲ್ಲ.

ಪಾಚಿಪ್ರಿಯ

ಅಷ್ಟು ಬೇಗ ತೀರ್ಪು ಬೇಡ. ಅದೇ 2003ರ ನಡುವೆ ಅಣೆಕಟ್ಟಿನ ಹೂಳನ್ನು ನದಿಗೆ ಬಿಟ್ಟರು. ಮೇಲಿನ ಹೊಲಗಳಿಂದ ಬಂದ ಕೀಟನಾಶಕ ಆ ಹೂಳಿನಲ್ಲಿತ್ತು, ಎಂಡೋಸಲ್ಫಾನ್ ಸೇರಿ. ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಿಲ್ಲ. ಸಾಲದ್ದಕ್ಕೆ ಸಿಂಪರಣೆಯೂ ಆ ಅವಧಿಯಲ್ಲಿ ಕೈಕೊಟ್ಟಿತು. ಮೂರೂ ಒಂದೇ ಋತುವಿನಲ್ಲಿ.

ಉಭಯಚರಿ

ಒಪ್ಪುತ್ತೇನೆ, ಮೂರೂ ಇದ್ದವು. ಆದರೆ ತೂಕ ಒಂದೇ ಅಲ್ಲ. ಹೂಳಿನ ವಿಷ ಹಾಗೂ ಸಿಂಪರಣೆಯ ಕೊರತೆ ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಹೊಳೆಯಂಚಿನಲ್ಲಿ ಹೆಚ್ಚು, ಮೇಲೆ ಕಡಿಮೆ. ಅವುಗಳಿಂದ ತೇಪೆ ತೇಪೆಯಾಗಿ ಸಾಯಬೇಕಿತ್ತು. ಎಲ್ಲ ಜೌಗುಗಳಲ್ಲೂ ಒಟ್ಟಿಗೆ, ತಿಂಗಳುಗಳಲ್ಲಿ ಮುಗಿದದ್ದು ಸೋಂಕಿನ ನಡೆ.

ಮಲೆಗಪ್ಪೆ

ಇಬ್ಬರೂ ಒಂದನ್ನು ಬಿಟ್ಟಿದ್ದೀರಿ. ಶಿಲೀಂಧ್ರ ಕಣಿವೆಯೊಳಗೆ ಬಂದದ್ದು ಹೇಗೆ ಎಂದು ಕೇಳಿ. ಅಣೆಕಟ್ಟಿಗೆ ಮೊದಲು ಆ ಎರಚಲ ಜಾಗಕ್ಕೆ ಹೋಗುವುದೇ ದುಸ್ತರ. ಆಮೇಲೆ ರಸ್ತೆ ಬಂತು, ಕೂಲಿಗಳು, ಎಂಜಿನಿಯರುಗಳು, ಸಮೀಕ್ಷೆಯವರು, ಕಪ್ಪೆ ಎಣಿಸುವವರು, ಎಲ್ಲರ ಬೂಟುಗಳೂ ಬಂದವು. ಯಾರ ಬೂಟು ಎಂದು ಬೆರಳು ತೋರಿಸಲಾಗದು. ಆದರೆ ದಾರಿ ತೆರೆದದ್ದು ಯೋಜನೆಯೇ. ಒಣಗಿ, ಕಳೆ ತುಂಬಿ, ಜಾಗ ಕಿರಿದಾಗಿ ಕಪ್ಪೆಗಳು ಒತ್ತೊತ್ತಾಗಿ ಸೇರಿದ್ದ ಹೊತ್ತಿನಲ್ಲಿ ಸೋಂಕು ಬಂದಿತು. ಅಣೆಕಟ್ಟೋ ಶಿಲೀಂಧ್ರವೋ ಎಂದು ಎರಡು ಪಕ್ಷ ಕಟ್ಟುವುದರಲ್ಲಿ ಅರ್ಥ ಕಾಣೆ.

ಹೊಳೆದಂಡೆ

ಈಗ ಸರಣಿ ಕಾಣುತ್ತಿದೆ. ಎರಡನೇ ಪ್ರಶ್ನೆ: ಮೃಗಾಲಯದಲ್ಲಿ ಉಳಿಸಿದ್ದು ಹೇಗೆ? ಅಲ್ಲೂ ಮೊದಲು ಸತ್ತವಂತಲ್ಲ.

ಉಭಯಚರಿ

2000ದ ಕೊನೆಯಲ್ಲಿ 499 ಕಪ್ಪೆಗಳನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಒಯ್ದರು, ಅಲ್ಲಿಂದ ಅಮೆರಿಕದ ಬೇರೆ ಮೃಗಾಲಯಗಳಿಗೂ ಹಂಚಿದರು. 2004ರ ಹೊತ್ತಿಗೆ ಎಲ್ಲ ಸೇರಿ ನಲವತ್ತೂ ಉಳಿದಿರಲಿಲ್ಲ, ಅದೂ ಬ್ರಾಂಕ್ಸ್ ಮತ್ತು ಟೊಲೆಡೊ ಎರಡೇ ಕಡೆ. ಕಾರಣ ಶ್ವಾಸಕೋಶದ ಹುಳು, ಬ್ಯಾಕ್ಟೀರಿಯಾ ಸೋಂಕು, ಪೋಷಣೆಯ ಕೊರತೆ. ಕಾಡಿನಲ್ಲೂ ಅದೇ ವರ್ಷ ಖಾಲಿ. ಅಂದರೆ ಇಡೀ ಜಾತಿ ಒಂದು ಬುಟ್ಟಿಯಲ್ಲಿ ಹಿಡಿಯುವಷ್ಟಕ್ಕೆ ಬಂದಿತ್ತು.

ತೇವಾಂಶ 90

ಸಾಕಣೆಯ ಕಡೆ ನಾನು ಬರೆಯುತ್ತೇನೆ. ಮೊದಲೇ ಎಚ್ಚರಿಕೆ: ನೆಕ್ಟೊಫ್ರಿನಾಯ್ಡಿಸ್ ಕುಲವಿಡೀ ಸೈಟಿಸ್‌ನ, ಅಂದರೆ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಮೊದಲ ಅನುಬಂಧದಲ್ಲಿದೆ, ಇದು ಹವ್ಯಾಸಿಗಳು ಮನೆಯಲ್ಲಿ ಸಾಕುವ ಕಪ್ಪೆಯಲ್ಲ. ಆದರೆ ಸಣ್ಣ ಬೆಟ್ಟಗಪ್ಪೆ ಯಾವುದಕ್ಕಾದರೂ ತತ್ವ ಇದೇ.

ನೀರು. ನಲ್ಲಿ ನೀರಿನ ಕ್ಲೋರಿನ್, ಕ್ಲೋರಮಿನ್ ತೆಗೆಯಲು ಇಂಗಾಲದ ಶೋಧಕ ಬೇಕು. ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ, ಕ್ಲೋರಮಿನ್ ಹೋಗುವುದಿಲ್ಲ. ತಾಮ್ರದ ಪೈಪ್ ಬೇಡವೇ ಬೇಡ, ಕಪ್ಪೆಗೆ ವಿಷ. ಆರ್‌ಓ ನೀರನ್ನು ಹಾಗೇ ಬಳಸಿದರೆ ಲವಣವೇ ಇರುವುದಿಲ್ಲ, ಸ್ವಲ್ಪ ಖನಿಜ ಮರುಬೆರೆಸಬೇಕು.

ಸಿಂಪರಣೆ. ದಿನಕ್ಕೆ ಹಲವು ಬಾರಿ, ಪ್ರತಿ ಸಲ ಸ್ವಲ್ಪವೇ. ಇಲ್ಲಿ ಹೊಸಬರು ಸೋಲುವುದು ಕಡಿಮೆ ನೀರಿನಿಂದ ಅಲ್ಲ, ಹೆಚ್ಚು ನೀರಿನಿಂದ. ತಳದಲ್ಲಿ ನೀರು ಬಸಿಯುವ ಪದರ ಇಲ್ಲದಿದ್ದರೆ ಮಣ್ಣು ಕೊಳೆತು ಹೊಟ್ಟೆಯ ಚರ್ಮ ಕೆಂಪಾಗುತ್ತದೆ. ತಲೆಯ ಮೇಲೆ ಎರಚಲು, ಕಾಲ ಕೆಳಗೆ ಬಸಿದ ನೆಲ, ನಡುವೆ ಗಾಳಿ. ಮುಚ್ಚಳ ಬಿಗಿದು ತೇವ ಹಿಡಿಯುವುದು ತಪ್ಪು ದಾರಿ.

ಬೆಳಕು. ಯುವಿ-ಬಿ (ಬಿಸಿಲಿನ ನೇರಳಾತೀತ ಕಿರಣಗಳ ಒಂದು ಭಾಗ) ಇಲ್ಲದೆ ಡಿ3 ವಿಟಮಿನ್ ಇಲ್ಲ, ಡಿ3 ಇಲ್ಲದೆ ಸುಣ್ಣ ಮೂಳೆಗೆ ಹೋಗುವುದಿಲ್ಲ. ಸಾಮಾನ್ಯ ಗಾಜು ಯುವಿ-ಬಿ ತಡೆಯುತ್ತದೆ, ಗಾಜಿನ ಮುಚ್ಚಳದ ಮೇಲೆ ದುಬಾರಿ ದೀಪ ಇಟ್ಟರೆ ಕರೆಂಟು ದಂಡ. ಮೇಲೆ ಜಾಲರಿ ಇರಲಿ. ಜಾಲರಿಯೂ ಒಂದಷ್ಟು ತಿನ್ನುತ್ತದೆ, ಆದ್ದರಿಂದ ಅಳತೆಯನ್ನು ಕಪ್ಪೆ ಕೂರುವ ಮಟ್ಟದಲ್ಲಿ ಮಾಡಬೇಕು. ಯುವಿ ಸೂಚ್ಯಂಕ ಮೇಲಿನ ಎಲೆಯಲ್ಲಿ 1ರ ಆಸುಪಾಸು, ಬುಡದಲ್ಲಿ ಸೊನ್ನೆ. ಎಲ್ಲಿ ಕೂರಬೇಕೆಂದು ಕಪ್ಪೆ ನೋಡಿಕೊಳ್ಳುತ್ತದೆ. ಕೊಳವೆ ಕಣ್ಣಿಗೆ ಉರಿಯುತ್ತಿದ್ದರೂ ವರ್ಷದೊಳಗೆ ಯುವಿ ಇಳಿದಿರುತ್ತದೆ, ಮೀಟರ್ ನೋಡಿ ಬದಲಿಸಿ.

ಆಹಾರ. ಮರಿಗೆ ಸ್ಪ್ರಿಂಗ್‌ಟೇಲ್, ದೊಡ್ಡದಕ್ಕೆ ಹಾರಲಾರದ ಹಣ್ಣುನೊಣ, ಆಗತಾನೇ ಹುಟ್ಟಿದ ಚಿಮ್ಮಂಡೆ. ಹುಳಕ್ಕೆ ಮೊದಲು ಚೆನ್ನಾಗಿ ತಿನ್ನಿಸಿ, ಆಮೇಲೆ ಸುಣ್ಣ ಹಾಗೂ ವಿಟಮಿನ್ ಪುಡಿ ಹಚ್ಚಿ. ಇಲ್ಲೊಂದು ಸೂಕ್ಷ್ಮ: ಪುಡಿ ಹಚ್ಚಿದ ನೊಣ ಬಿಟ್ಟು ಐದು ನಿಮಿಷಕ್ಕೆ ಸಿಂಪರಣೆ ಶುರುವಾದರೆ ಪುಡಿಯೆಲ್ಲ ತೊಳೆದುಹೋಗುತ್ತದೆ. ಸಿಂಪರಣೆ ಮುಗಿದು, ಮುಂದಿನದಕ್ಕೆ ಹೆಚ್ಚು ಹೊತ್ತು ಇರುವಾಗ ಉಣಿಸಬೇಕು. ಟೈಮರ್ ನೋಡದೆ ಉಣಿಸಿದರೆ ಪುಡಿ ಡಬ್ಬಿ ಖಾಲಿಯಾಗುತ್ತದೆ, ಕಪ್ಪೆಯ ಮೂಳೆ ಹಾಗೇ ಮೆತ್ತಗೆ.

ಹೊಳೆದಂಡೆ

ವಾಪಸ್ ಬಿಟ್ಟದ್ದು ಯಾವಾಗ? ಕಣಿವೆಯಲ್ಲಿ ಶಿಲೀಂಧ್ರ ಇನ್ನೂ ಇದೆಯಲ್ಲ?

ಮಲೆಗಪ್ಪೆ

ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2009ರಲ್ಲಿ ಇದನ್ನು ಕಾಡಿನಲ್ಲಿ ಅಳಿದ ಜಾತಿ ಎಂದು ಘೋಷಿಸಿತು. 2010ರಲ್ಲಿ ಬ್ರಾಂಕ್ಸ್, ಟೊಲೆಡೊಗಳಿಂದ 100 ಕಪ್ಪೆಗಳು ದಾರ್ ಎಸ್ ಸಲಾಮ್ ವಿಶ್ವವಿದ್ಯಾಲಯದ ಸಾಕಣೆ ಕೇಂದ್ರಕ್ಕೆ ಮರಳಿದವು. 2012ರ ಡಿಸೆಂಬರ್‌ನಲ್ಲಿ 2,000 ಕಪ್ಪೆಗಳನ್ನು ಕಣಿವೆಗೆ ಬಿಟ್ಟರು. ಕಾಡಿನಲ್ಲಿ ಅಳಿದುಹೋಗಿದ್ದ ಉಭಯಚರಿಯೊಂದನ್ನು ಅದರ ನೆಲೆಗೇ ಮರಳಿಸಿದ್ದು ಅದೇ ಮೊದಲು. ಆಮೇಲೂ ಬಿಡುತ್ತ ಬಂದಿದ್ದಾರೆ.

ಬಿಡುವ ಮೊದಲು ಕಣಿವೆಯ ಗಿಡ, ಮಣ್ಣು, ಅಲ್ಲಿನ ಬೇರೆ ಕಪ್ಪೆಗಳ ಜೊತೆ ಸಾಕಣೆಯ ಕಪ್ಪೆಗಳನ್ನಿಟ್ಟು, ಏನಾದರೂ ಆಗುತ್ತದೆಯೇ ಎಂದು ನೋಡಿದರು. ಇದು ಸರಿಯಾದ ಕ್ರಮ. ಆದರೆ ಹೌದು, ಶಿಲೀಂಧ್ರವನ್ನು ಒಂದು ಕಣಿವೆಯಿಂದ ತೊಳೆದು ತೆಗೆಯುವ ವಿಧಾನ ಇಲ್ಲ. ಬೇರೆ ಕಪ್ಪೆಗಳು ಸಾಯದೆಯೇ ಅದನ್ನು ಹೊತ್ತು ತಿರುಗುತ್ತವೆ.

ಬಿಟ್ಟ ಸಂಖ್ಯೆ ನೋಡಿ ಗೆದ್ದೆವು ಎನ್ನಬೇಡಿ. ನೋಡಬೇಕಾದದ್ದು ಕಣಿವೆಯಲ್ಲೇ ಹುಟ್ಟಿದ ಮರಿ, ಮತ್ತು ಆ ಮರಿ ಬೆಳೆದು ಹೆತ್ತ ಮರಿ. ಬೆಳೆದು ಹೆರಲು ಒಂದು ವರ್ಷದ ಹತ್ತಿರ ಬೇಕು, ಹಾಗಾಗಿ ಎರಡು ಬಿಡುಗಡೆಗಳ ನಡುವೆ ಅಂತರ ಸಾಲದಿದ್ದರೆ ಎಣಿಸುತ್ತಿರುವುದು ಕಾಡಿನದ್ದೋ ಮೃಗಾಲಯದ್ದೋ ಗೊತ್ತಾಗುವುದಿಲ್ಲ.

ಜೋಗದ ಗುಂಡಿ

ಶರಾವತಿ ಕಣಿವೆಗೂ ಇದೇ ಮಾತು ಅನ್ವಯಿಸುತ್ತದಲ್ಲ? ಲಿಂಗನಮಕ್ಕಿ ಆದಮೇಲೆ ಜೋಗದಲ್ಲೂ ಎರಚಲು ಮಳೆಗಾಲಕ್ಕೆ ಸೀಮಿತ.

ಮಲೆಗಪ್ಪೆ

ನೇರವಾಗಿ ಹೋಲಿಸಬೇಡಿ. ಪಶ್ಚಿಮ ಘಟ್ಟದ ಕಪ್ಪೆಗಳು ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆಮೇಲೆ ತಿಂಗಳುಗಟ್ಟಲೆ ಒಣಹವೆ ಎಂಬ ಲಯಕ್ಕೆ ಒಗ್ಗಿದವು. ಕಲ್ಲುಸಂದಿ, ಮರದ ಪೊಟರೆ, ಮಣ್ಣಿನಡಿ ಕಾಯುವುದು ಅವಕ್ಕೆ ಗೊತ್ತು. ಕಿಹಾನ್ಸಿ ಬತ್ತದ ನದಿ. ಅಲ್ಲಿನ ಕಪ್ಪೆಗೆ ಬೇಸಿಗೆ ಎಂಬುದೇ ಇರಲಿಲ್ಲ. ನಮ್ಮಲ್ಲಿ ಹತ್ತಿರದ ಪ್ರಶ್ನೆ ಎಂದರೆ ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯಂಥ, ಹರಿಯುವ ತೊರೆಯನ್ನೇ ನಂಬಿದ ಮೈಕ್ರಿಕ್ಸಾಲಸ್ ಕುಲದ ಕಪ್ಪೆಗಳದ್ದು. ಸಣ್ಣ ತೊರೆ ತಿರುಗಿಸುವ ಕಿರು ಜಲವಿದ್ಯುತ್ ಯೋಜನೆಗಳು ಅವುಗಳಿಗೆ ಜೋಗಕ್ಕಿಂತ ಹೆಚ್ಚು ಸಂಬಂಧಿಸಿದ್ದು.

ಉಭಯಚರಿ

ಶಿಲೀಂಧ್ರದ ಮಾತು ಮಾತ್ರ ನೇರವಾಗಿ ಅನ್ವಯಿಸುತ್ತದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಇದು ಪತ್ತೆಯಾಗಿದೆ, ಸಾಮೂಹಿಕ ಸಾವು ಮಾತ್ರ ವರದಿಯಾಗಿಲ್ಲ. ಮಳೆಗಾಲದಲ್ಲಿ ಆಗುಂಬೆ, ಕುದುರೆಮುಖ, ಬ್ರಹ್ಮಗಿರಿ ಎಂದು ವಾರಕ್ಕೊಂದು ಕಣಿವೆಗೆ ಕಪ್ಪೆ ನೋಡಲು ಹೋಗುವವರು ಬೂಟು ತೊಳೆಯುವುದನ್ನು ಕಲಿಯಲೇಬೇಕು. ಕ್ರಮ ಇಷ್ಟು. ಮೊದಲು ಬ್ರಷ್‌ನಿಂದ ಕೆಸರು ಪೂರ್ತಿ ತೆಗೆಯಿರಿ. ಕೆಸರಿದ್ದರೆ ಬ್ಲೀಚಿನ ಶಕ್ತಿ ಅದರಲ್ಲೇ ವ್ಯಯವಾಗುತ್ತದೆ, ಅರ್ಧ ಜನ ತಪ್ಪುವುದು ಇಲ್ಲಿ. ಆಮೇಲೆ ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯ ಬ್ಲೀಚ್ ದ್ರಾವಣ ಶೇಕಡ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಒಂದು ನಿಮಿಷ ಸಾಕೆಂದು ಪ್ರಯೋಗಾಲಯದ ಲೆಕ್ಕ. ಅಟ್ಟೆಯ ಸಂದುಗಳಿರುವುದರಿಂದ ಐದು ನಿಮಿಷ ಬಿಡಿ. ಹಳೆಯ ಬಾಟಲಿ ನಂಬಬೇಡಿ, ಬಿಸಿಲಿನಲ್ಲಿಟ್ಟರೆ ಸತ್ವ ಹೋಗಿರುತ್ತದೆ. ಆ ನೀರನ್ನು ಹೊಳೆಗೆ ಚೆಲ್ಲಬಾರದು. ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಮೂರು ಗಂಟೆ ಒಣಗಿದರೆ ಶಿಲೀಂಧ್ರ ಸಾಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಬೂಟು ಮೂರು ದಿನವಾದರೂ ಒಣಗುವುದಿಲ್ಲ ಎನ್ನುವವರು ಬ್ಲೀಚನ್ನೇ ನೆಚ್ಚಿಕೊಳ್ಳಿ.

ಚರ್ಮದ ಬೂಟು ಬ್ಲೀಚಿಗೆ ತಡೆಯುವುದಿಲ್ಲ, ರಬ್ಬರ್ ಗಂಬೂಟೇ ಒಳ್ಳೆಯದು. ಜಿಗಣೆಗೆಂದು ಕೈಗೆ ಹಚ್ಚಿದ ಔಷಧಿಯಿರುವಾಗ ಕಪ್ಪೆ ಮುಟ್ಟಬೇಡಿ. ಅನುಮತಿ ಇದ್ದು ಹಿಡಿಯಲೇಬೇಕಾದರೆ ಒಂದು ಕಪ್ಪೆಗೆ ಒಂದು ಜೊತೆ ಕೈಗವಸು.

ಹೊಳೆದಂಡೆ

ಶೇಕಡ ಎಪ್ಪತ್ತರ ಆಲ್ಕೋಹಾಲ್ ಸ್ಪ್ರೇ ನಡೆಯುತ್ತದೆಯೇ? ಬ್ಲೀಚ್ ಹೊತ್ತೊಯ್ಯುವುದು ಕಷ್ಟ.

ಉಭಯಚರಿ

ನಡೆಯುತ್ತದೆ, ಆದರೆ ಟ್ರೈಪಾಡ್ ಕಾಲು, ಅಳತೆಪಟ್ಟಿ, ಟಾರ್ಚ್ ಹಿಡಿಕೆಯಂಥ ನುಣುಪಾದ ವಸ್ತುಗಳಿಗೆ. ಒಂದು ನಿಮಿಷ ಒದ್ದೆಯಾಗಿಯೇ ಇರಬೇಕು, ಬೇಗ ಆರಿಹೋದರೆ ಮತ್ತೆ ಹೊಡೆಯಿರಿ. ಬೂಟಿನ ಅಟ್ಟೆಗೆ ಸಾಲದು. ಆರು ಜನರ ಗುಂಪಿಗೆ ಒಂದು ಬಕೆಟ್, ಒಂದು ಗಟ್ಟಿ ಬ್ರಷ್, ಅರ್ಧ ಲೀಟರ್ ಬ್ಲೀಚ್ ಜೀಪಿನಲ್ಲೇ ಇರಲಿ. ತೊಳೆಯುವುದು ಕಣಿವೆಯಿಂದ ಹೊರಬಂದ ಕೂಡಲೇ, ಮುಂದಿನ ಕಣಿವೆಗೆ ಹೊರಡುವ ಮೊದಲೇ.